ನಿಮ್ದು ನಮ್ಮಲ್ಲೇ ಅದಲ್ರಿ!

ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಸರ್ಕಾರಿ ಕಚೇರಿಯ ಕಿಟಕಿವರೆಗೂ ಹೋಗಿ, "ಆಧಾರ್ ಝೆರಾಕ್ಸ್ ಎಲ್ಲದ?" ಎಂದು ಕೇಳಿಸಿಕೊಂಡು ವಾಪಸ್ ತಿರುಗಿದವರಿಗೆ ಮಾತ್ರ ನನ್ನ ಪಾಡು ಗೊತ್ತು. ಕಾರ್ಡು ಮನೆಯಲ್ಲಿ. ಮನೆ ಆಳಂದ ಚೆಕ್‌ಪೋಸ್ಟಿನ ಆಚೆ. ತಲೆಗೆ ವಸ್ತ್ರ ಸುತ್ತಿಕೊಂಡು ಎದುರಿನ ಝೆರಾಕ್ಸ್ ಅಂಗಡಿಗೆ ನುಗ್ಗಿದೆ.

ಅಂಗಡಿಯ ಗಾಜಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ವಾಟ್ಸಾಪ್ ನಂಬರು. ಕಾಗದಪತ್ರ ಏನಿದ್ದರೂ ಅದಕ್ಕೆ ಕಳಿಸಬೇಕು, ಆತ ಪ್ರಿಂಟ್ ಹೊಡೆದು ಕೊಡುತ್ತಾನೆ. ನಾನು ಮೊಬೈಲಿನಲ್ಲಿ ಆಧಾರ್ ಹುಡುಕುತ್ತಾ ನಿಂತಿದ್ದೆ. ಹುಡುಗ ನನ್ನ ಮುಖ ನೋಡಿದ, ಹೆಸರು ಕೇಳಿದ, ಕಂಪ್ಯೂಟರಿನಲ್ಲಿ ಏನೋ ಒತ್ತಿದ.

"ಸುಮ್ನೆ ಯಾಕ್ ಕಳಸ್ತೀರಿ ಸರ್? ನಿಮ್ದು ನಮ್ಮಲ್ಲೇ ಅದಲ್ರಿ! ಹೋದ ವರ್ಷ ಬಂದಿದ್ರಿ."

ಬಗ್ಗಿ ನೋಡಿದೆ. ನನ್ನದಷ್ಟೇ ಅಲ್ಲ, ಅರ್ಧ ಊರೇ ಅಲ್ಲಿತ್ತು. ರೇಷನ್ ಕಾರ್ಡು, ಪಹಣಿ, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಎಲ್ಲಾ ಒಂದೇ ಫೋಲ್ಡರಿನಲ್ಲಿ, ಜಾತ್ರೆಯ ಜನರ ಹಾಗೆ ಮೈಗೆ ಮೈ ತಾಗಿಸಿಕೊಂಡು. "ಇದ್ರಾಗ ಸ್ವಲ್ಪ ಕಪ್ಪಗ ಕಾಣ್ಲತ್ತೀರಿ, ಬೆಳ್ಳಗ್ ಮಾಡ್ಲೇನ್ರಿ?" ಎಂದ. ಬೇಡ ಎಂದೆ. ಪ್ರಿಂಟ್ ಬಂತು. ಕ್ಯೂಆರ್ ಸ್ಕ್ಯಾನ್ ಮಾಡಿದೆ. ಗೋಡೆಗೆ ತೂಗುಹಾಕಿದ್ದ ಡಬ್ಬಿ ನಾನು ಐದು ರೂಪಾಯಿ ಕೊಟ್ಟ ಸುದ್ದಿಯನ್ನು ಬೀದಿಗೆಲ್ಲ ಸಾರಿತು.

ಈಗ ನಿಜ ಹೇಳುತ್ತೇನೆ. ಆಗ ನನಗೆ ಹೆದರಿಕೆ ಆಗಲಿಲ್ಲ. ಖುಷಿಯಾಯಿತು! ಎಷ್ಟು ಚಲೋ ಹುಡುಗ, ಒಂದು ವರ್ಷ ಜೋಪಾನ ಮಾಡಿ ಇಟ್ಟಿದ್ದಾನಲ್ಲ ಎನಿಸಿತು. ನನ್ನ ಮನೆಯಲ್ಲಿ ನಾನೇ ಇಟ್ಟ ಕಾಗದ ನನಗೇ ಸಿಗುವುದಿಲ್ಲ.

ಇದೇ ಆಧಾರ್ ವಿಷಯಕ್ಕೆ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಟ್ಟಾಗಿ, ಖಾಸಗಿತನ ಮೂಲಭೂತ ಹಕ್ಕು ಎಂದರು. ಒಂಬತ್ತೂ ಜನ! ನಮ್ಮಲ್ಲಿ ಒಂಬತ್ತು ಜನ ಕೂತರೆ ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವುದೇ ಇತ್ಯರ್ಥ ಆಗುವುದಿಲ್ಲ. ಅಂಥ ಹಕ್ಕು ಈಗ ಎಲ್ಲರ ಕೈಗೂ ಸಿಗುತ್ತದೆ. ಕಪ್ಪು-ಬಿಳುಪು ಐದು ರೂಪಾಯಿ, ಕಲರ್ ಆದರೆ ಜಾಸ್ತಿ.

ಸರ್ಕಾರವೂ ಒಮ್ಮೆ ಎಚ್ಚರಿಸಿತ್ತು, ಸುಳ್ಳು ಹೇಳಬಾರದು. 2022ರ ಮೇ 27, ಶುಕ್ರವಾರ. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಝೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗ ಆದೀತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ. ಇಂಟರ್ನೆಟ್ ಕೆಫೆಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಬೇಡಿ, ಮಾಡಿದರೆ ಪೂರ್ತಿ ಅಳಿಸಿ. ಜನ ಗಾಬರಿಯಾದರು. ಭಾನುವಾರ, 29ಕ್ಕೆ, ಸರ್ಕಾರ ಆ ಪ್ರಕಟಣೆಯನ್ನೇ ವಾಪಸ್ ತೆಗೆದುಕೊಂಡಿತು. ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇದೆಯಂತೆ. ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕಂತೆ. ದೇಶದ ಖಾಸಗಿತನಕ್ಕೆ ಹೀಗೆ ಒಂದು ವೀಕೆಂಡ್ ರಜೆ ಸಿಕ್ಕಿತು.

ನಾನು ಮಾತ್ರ ಶುಕ್ರವಾರದ ಮಾತಿಗೇ ಅಂಟಿಕೊಂಡವನು. ಒಂದು ಸಲ ಕಿಟಕಿಯಲ್ಲಿ ಮಾಸ್ಕ್ಡ್ ಆಧಾರ್ ಕೊಟ್ಟೆ. ಒಳಗಿದ್ದವರು ಕಾಗದವನ್ನು ತಿರುವಿ ನೋಡಿದರು.

"ಉಳಿದ ಎಂಟು ನಂಬರ್ ಎಲ್ಲವ?"

"ಮಾಸ್ಕ್ ಹಾಕಿದ್ದು ಸರ್."

"ಕೊರೊನಾ ಹೋಗಿ ಎಷ್ಟ್ ದಿನ ಆಯ್ತು! ಇನ್ನೂ ಏನ್ ಮಾಸ್ಕ್ರೀ?"

ಪೆನ್ನು ಕೊಟ್ಟು, ಮುಚ್ಚಿದ್ದ ಎಂಟು ಅಂಕಿಗಳನ್ನು ಪಕ್ಕದಲ್ಲಿ ನನ್ನ ಕೈಯಿಂದಲೇ ಬರೆಸಿ, ಕೆಳಗೆ ಸಹಿ ಹಾಕಿಸಿದರು. ದೃಢೀಕೃತ ಗುಟ್ಟು.

ಇಷ್ಟಾದರೂ ನಾವು ಗುಟ್ಟೇ ಇಲ್ಲದ ಜನ ಅಂದುಕೊಳ್ಳಬೇಡಿ. ನಮ್ಮ ಓಣಿಯ ಕಾಕಾ ಇಪ್ಪತ್ತು ವರ್ಷದಿಂದ ನನ್ನ ಪಗಾರ ಎಷ್ಟು ಎಂದು ಕೇಳುತ್ತಲೇ ಇದ್ದಾರೆ, ನಾನು ಹೇಳಿಲ್ಲ. ಹಬ್ಬದ ಚೀಟಿಯನ್ನೂ ಬಾಗಿಲು ಮುಂದೆ ಮಾಡಿ ಎಣಿಸುತ್ತೇವೆ. ಆದರೆ ಒಂದು ಪಂಚಾಂಗದ ಆ್ಯಪ್ ಬಂದು ಫೋನಿನ ಎಲ್ಲ ನಂಬರು, ಫೋಟೋ, ಮೈಕು ಕೇಳಿದಾಗ 'ಅನುಮತಿಸಿ' ಒತ್ತಿದವನೂ ನಾನೇ. ಸೂರ್ಯೋದಯ ಲೆಕ್ಕ ಹಾಕಲು ನಾನು ಎಲ್ಲಿದ್ದೇನೆ ಎಂದು ಬೇಕು, ಒಪ್ಪೋಣ. ರಾಹುಕಾಲಕ್ಕೆ ನನ್ನ ಷಡ್ಡಕನ ನಂಬರು ಯಾಕೆ? ಆತ ರಾಹುಕಾಲದಲ್ಲೇ ಫೋನ್ ಮಾಡುತ್ತಾನೆ, ಆ ಮಾತು ಬೇರೆ.

ಷಡ್ಡಕ ಇನ್ನೊಂದು ಕಡೆಯೂ ಉಪಕಾರಕ್ಕೆ ಬಂದ. ಸೂಪರ್ ಮಾರ್ಕೆಟ್ ಹತ್ತಿರ ಒಂದು ಟವೆಲ್ ಕೊಂಡೆ. ಬಿಲ್ ಮಾಡುವ ಹುಡುಗಿ ಮೊಬೈಲ್ ನಂಬರ್ ಕೇಳಿದಳು. "ಅಮ್ಮಾ, ಗಿರಾಕಿಗೆ ನಂಬರ್ ಕೊಡಲೇಬೇಕು ಎಂದು ಒತ್ತಾಯ ಮಾಡಬಾರದು ಅಂತ 2023ರಲ್ಲೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಹೇಳಿದೆ" ಎಂದೆ. "ಹೌದ್ರಿ ಅಂಕಲ್, ಆದ್ರ ನಂಬರ್ ಹೊಡೀದಿದ್ರ ಸಿಸ್ಟಮ್ ಮುಂದ್ಕ ಹೋಗಲ್ರಿ" ಎಂದಳು. ಹಿಂದೆ ಆರು ಜನ ನಿಂತಿದ್ದರು. ಷಡ್ಡಕನ ನಂಬರ್ ಕೊಟ್ಟೆ. ಈಗ ಟವೆಲಿನ ಆಫರೆಲ್ಲ ಅವನಿಗೇ ಹೋಗುತ್ತದೆ.

ಮೊದಲು ಹೀಗಿರಲಿಲ್ಲ ಎಂದು ಹಲುಬುವವರ ಪೈಕಿ ನಾನಲ್ಲ. ನಾವು ಚಿಕ್ಕವರಿದ್ದಾಗ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಮನೆಯ ಜಾತಕವೇ ಇತ್ತು. ತೊಗರಿಬೇಳೆ ಎಷ್ಟು, ಎಣ್ಣೆ ಎಷ್ಟು, ನೆಂಟರು ಯಾವತ್ತು ಬಂದರು, ಎಲ್ಲಾ. ನಾನು ಕದ್ದು ಬೀಡಿ ಒಯ್ದದ್ದನ್ನು ಸಾವಕಾರ ಅಪ್ಪನಿಗೆ ಹೇಳಿಯೇಬಿಟ್ಟಿದ್ದ. ಅದೂ ಡೇಟಾ ಸೋರಿಕೆಯೇ. ಆದರೆ ಸೋರಿದ್ದು ಅಪ್ಪನ ಕಿವಿವರೆಗೆ. ಪೆಟ್ಟು ಬಿತ್ತು, ಮುಗಿಯಿತು. ಸಾವಕಾರನ ಮುಖ ನನಗೆ ಗೊತ್ತಿತ್ತು, ಬೇಕಾದರೆ ಸಿಟ್ಟು ಮಾಡಿಕೊಂಡು ಎದುರಿನ ಅಂಗಡಿಗೆ ಹೋಗಬಹುದಿತ್ತು. ಪಂಚಾಂಗದ ಆ್ಯಪಿನವನ ಮುಖ ಯಾರು ಕಂಡಿದ್ದಾರೆ? ಅವನ ಷರತ್ತು ಓದುತ್ತಾ ಕೂತರೆ ಮುಂದಿನ ಯುಗಾದಿ ಬರುತ್ತದೆ.

ಮೊನ್ನೆ ಝೆರಾಕ್ಸ್ ಹುಡುಗನಿಗೆ ಹೊಸ ಕಾಯ್ದೆ ಹೇಳಿದೆ. "ತಮ್ಮಾ, ಜನರ ಡೇಟಾ ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಅಂತ 2023ರಲ್ಲೇ ಕಾನೂನು ಬಂದಿದೆ. ಎಲ್ಲಾ ಅಳಿಸಿಬಿಡು." ಆತ ಕ್ಯಾಲ್ಕ್ಯುಲೇಟರ್ ತೆಗೆದ. "ಐದರಂಗ ಹಿಡಿದ್ರ 50 ಕೋಟಿ ಪ್ರಿಂಟ್ ಹೊಡೀಬೇಕ್ರಿ ಸರ್. ಟೋನರ್ ಸಾಲಲ್ಲ." ಆಮೇಲೆ ಸ್ವಲ್ಪ ಬೇಸರದಿಂದ ಕೇಳಿದ: "ಅಳಸ್ತೀನಿ ಬಿಡ್ರಿ. ಮುಂದಿನ ಸಲ ಕಾರ್ಡ್ ಮರೆತು ಬಂದ್ರ ಏನ್ ಮಾಡ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ನಂದೊಂದು ಇರಲಿ ಬಿಡು" ಎಂದು ಬಂದೆ.

ಪಕ್ಕದ ಬಂಡಿಯಲ್ಲಿ ಮಿರ್ಚಿ ಭಜಿ ಬಿಸಿಬಿಸಿ ಬೇಯುತ್ತಿತ್ತು. ಒಂದು ಪ್ಲೇಟ್ ತೆಗೆದುಕೊಂಡೆ. ಪ್ಲೇಟೆಂದರೆ ಕಾಗದ. ಝೆರಾಕ್ಸ್ ಅಂಗಡಿಯಲ್ಲಿ ಸೊಟ್ಟ ಬಂದ ಪ್ರಿಂಟುಗಳೆಲ್ಲ ಈ ಬಂಡಿಗೇ ಬರುತ್ತವೆ. ಭಜಿ ಎತ್ತಿದೆ. ಕೆಳಗೆ ಯಾರದೋ ಆಧಾರ್. ಹೆಸರಿನ ಮೇಲೆ ಎಣ್ಣೆ ಹರಡಿತ್ತು, ಮೊದಲ ಎಂಟು ಅಂಕಿಗೆ ಕಡಲೆಹಿಟ್ಟು ಮೆತ್ತಿತ್ತು. ಕೊನೆಯ ನಾಲ್ಕು ಮಾತ್ರ ಸ್ವಚ್ಛ ಕಾಣುತ್ತಿದ್ದವು.