ಆಗಸ್ಟ್ ತಿಂಗಳೇ ನಮ್ಮ ಮುಖ್ಯ ಎಂಜಿನಿಯರ್

ಮೈಸೂರಿನ ಹಳೆಯ ಕಟ್ಟಡಗಳ ವಿಷಯದಲ್ಲಿ ಬೇಗ ತೀರ್ಮಾನಕ್ಕೆ ಬರುವವರು ಯಾರು ಗೊತ್ತಾ? ಪಾಲಿಕೆಯಲ್ಲ, ತಜ್ಞರ ಸಮಿತಿಯಂತೂ ಅಲ್ಲವೇ ಅಲ್ಲ. ಆಗಸ್ಟ್ ತಿಂಗಳು. 2012ರ ಆಗಸ್ಟ್ 25ರಂದು ಅಂಗಡಿ ಸಾಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು ಪಕ್ಕದ ದೇವರಾಜ ಮಾರ್ಕೆಟ್‌ನ ಒಂದು ತುದಿ ಬಿತ್ತು. ಅದೂ ದುರಸ್ತಿ ನಡೆಯುತ್ತಿದ್ದಾಗ! ಆ ಸಲ ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಇವನ್ನು ಕೆಡವಬೇಕೋ ಉಳಿಸಬೇಕೋ ಎಂದು ಸಮಿತಿಗಳ ಮೆರವಣಿಗೆ. ಒಬ್ಬರು ಗೋಡೆ ತಟ್ಟಿ ನೋಡಿ, ಗಟ್ಟಿ ಇದೆ, ರಿಪೇರಿ ಮಾಡಿ ಎಂದರು. ಇನ್ನೊಬ್ಬರು ಅದೇ ಗೋಡೆ ತಟ್ಟಿ, ಕೆಡವಿಬಿಡಿ ಎಂದರು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಗೋಡೆ ಮಾತ್ರ ಎಲ್ಲರ ಕೈಯಲ್ಲೂ ತಟ್ಟಿಸಿಕೊಂಡು ಇನ್ನಷ್ಟು ಸಡಿಲವಾಯಿತು.

ಕೆಡವುವವರ ವಾದ ನನಗೆ ಬಹಳ ಇಷ್ಟ. ಕೆಡವಿದರೇನಂತೆ, ಅದೇ ಜಾಗದಲ್ಲಿ ಅದೇ ಪಾರಂಪರಿಕ ಶೈಲಿಯಲ್ಲಿ ಕಟ್ಟಿಕೊಡುತ್ತೇವಲ್ಲ ಅನ್ನುತ್ತಾರೆ. ಅಜ್ಜಿಯನ್ನು ಮನೆಯಿಂದ ಆಚೆ ಕಳಿಸಿ, ಅವರ ಸೀರೆಯನ್ನು ಬೇರೆ ಯಾರಿಗೋ ಉಡಿಸಿ ಕೂರಿಸಿದ ಹಾಗೆ. ಸೀರೆ ಅದೇ ಅಲ್ವಾ, ಇನ್ನೇನು ಬೇಕು?

ಉಳಿಸುವವರಲ್ಲೂ ಎಲ್ಲರೂ ಸಾಚಾ ಅಲ್ಲ. ನಿಜವಾಗಿ ಗಾರೆ, ಇಟ್ಟಿಗೆ, ತೊಲೆ ಬಲ್ಲವರು ಕೆಲವರಿದ್ದಾರೆ. ಅವರ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಉಳಿದವರ ಪ್ರೀತಿ ದಸರಾ ಸಮಯದಲ್ಲಿ ಮಾತ್ರ ಉಕ್ಕುತ್ತದೆ. ಪಂಚೆ, ರೇಷ್ಮೆ ಸೀರೆ ಉಟ್ಟು ಪಾರಂಪರಿಕ ನಡಿಗೆ, ಟಾಂಗಾದಲ್ಲಿ ಸವಾರಿ, ಕುಂಕುಮದ ರಾಶಿಯ ಮುಂದೆ ನಿಂತು ಸೆಲ್ಫಿ. ಕುಂಕುಮ ಕೊಳ್ಳುವುದು ಮಾತ್ರ ಆ್ಯಪ್‌ನಲ್ಲಿ. ಹತ್ತು ನಿಮಿಷಕ್ಕೆ ಮನೆಗೇ ಬರುತ್ತದಲ್ಲ!

ಸರ್ಕಾರಕ್ಕೂ ಪರಂಪರೆ ಮೇಲೆ ಅಪಾರ ಅಕ್ಕರೆ, ಆದರೆ ಅದು ಉಕ್ಕುವುದು ಸೂರ್ಯ ಮುಳುಗಿದ ಮೇಲೆ. ಜಂಬೂ ಸವಾರಿ ಹೋಗುವ ಸಯ್ಯಾಜಿರಾವ್ ರಸ್ತೆಯ ತುಂಬ ಝಗಝಗ ದೀಪ ಹಾಕುತ್ತಾರೆ. ಬೆಳಕು ಕಣ್ಣಿಗೆ ಹೊಡೆಯುವಾಗ ಪಕ್ಕದ ಗೋಡೆಯ ಬಿರುಕು ಯಾರಿಗೂ ಕಾಣುವುದಿಲ್ಲ. ಒಳ್ಳೆಯ ಸಂರಕ್ಷಣಾ ವಿಧಾನ, ಖರ್ಚೂ ಕಮ್ಮಿ.

ಈ ಗಲಾಟೆಯ ನಡುವೆ ಮಾರ್ಕೆಟ್ ಒಳಗೆ ಕೂತ ವ್ಯಾಪಾರಿಗಳನ್ನು ಕೇಳುವುದು ಮರೆತೇಹೋಗಿದೆ. ನೂರಾರು ಅಂಗಡಿಗಳು. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಹುಣಸೆಹಣ್ಣು, ಅತ್ತರು. ಕಟ್ಟಡ ಬಿದ್ದರೆ ಇವರ ತಲೆ ಮೇಲೆ ಬೀಳುತ್ತದೆ, ಕೆಡವಿದರೆ ಇವರ ಹೊಟ್ಟೆ ಮೇಲೆ. ಹೊಸ ಕಟ್ಟಡ ಎದ್ದು ನಿಲ್ಲುವವರೆಗೆ ಎಲ್ಲಿ ಕೂರಬೇಕು, ಎದ್ದ ಮೇಲೆ ಹಳೆಯ ಬಾಡಿಗೆಗೇ ಅಂಗಡಿ ಸಿಗುತ್ತದಾ ಎಂಬುದಕ್ಕೆ ಯಾವ ಶೈಲಿಯಲ್ಲೂ ಉತ್ತರವಿಲ್ಲ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದಿಂದ ಎದ್ದು ಹೋದ ಅಂಗಡಿಯವರ ಪಾಡು ನೋಡಿದ ಮೇಲೆ ಇವರು ಯಾಕೆ ಅಲುಗಾಡುತ್ತಾರೆ, ಹೇಳಿ?

ಇದಕ್ಕೊಂದು ಪರಿಹಾರ ನನ್ನ ಹತ್ತಿರ ಇದೆ. ಇಷ್ಟು ವರ್ಷದ ವರದಿಗಳನ್ನೆಲ್ಲ ಕಚೇರಿಯಿಂದ ಗಾಡಿಯಲ್ಲಿ ತಂದು, ಸೂರಿನವರೆಗೂ ಪೇರಿಸಿ ತೊಲೆಗಳಿಗೆ ಆಸರೆ ಕೊಡಿ. ಸರ್ಕಾರಿ ಫೈಲ್ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ಮಿಕ್ಕ ಹಣದಲ್ಲಿ ಚರಂಡಿ ಸರಿಮಾಡಿ, ಸೋರುವ ಕಡೆ ಹೆಂಚು ಹೊದಿಸಿ, ಹೂ ಮಾರುವ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿಕೊಡಿ. ಅದೂ ಪಾರಂಪರಿಕ ಶೈಲಿಯಲ್ಲೇ ಇರಬೇಕೆಂದರೆ ಇರಲಿ, ಕಮಾನು, ಗೋಪುರ ಎಲ್ಲ ಇಟ್ಟುಕೊಳ್ಳಿ. ಬಾಗಿಲಿಗೊಂದು ಚಿಲಕ ಇದ್ದರೆ ಸಾಕು.