ಕೈ ಬದಲಿಸಿದ ವಹಿ

ಶ್ರಾವಣ ಬಂತೆಂದರೆ ಕಲಬುರಗಿಯಲ್ಲಿ ಸಂಜೆ ಆರೂವರೆಯ ಮೇಲೆ ಯಾರ ಮನೆಗೂ ಹೋಗಬಾರದು; ಬೀಗ ನೋಡಿಕೊಂಡು ಬರಬೇಕಾಗುತ್ತದೆ. ಗಲ್ಲಿಗೊಂದು ಗುಡಿ, ಗುಡಿಗೊಂದು ಮೈಕು, ಮೈಕಿಗೊಬ್ಬರು ಸ್ವಾಮಿಗಳು. ತಿಂಗಳಿಡೀ ಪ್ರವಚನ. ನಾವು ಮೂವರು ಗೆಳೆಯರು ಹೋಗುವುದೂ ಒಂದೇ ಪ್ರವಚನಕ್ಕೆ. ಆದರೆ ಮೂವರೂ ಕೂಡಿ ಕುಳಿತದ್ದು ಪ್ರವಚನ ಮುಗಿಯುವ ಮಂಗಲದ ದಿನ ಮಾತ್ರ. ಅಂದು ಹುಗ್ಗಿ ಇರುತ್ತದೆ. ಉಳಿದ ದಿನ ಒಬ್ಬನಿಗೆ ಬಟ್ಟೆ ಅಂಗಡಿ, ಒಬ್ಬನಿಗೆ ಮೊಣಕಾಲು ನೋವು, ನನಗೆ ಸೋಮಾರಿತನ. ಹೋದವನು ಬರೆದುಕೊಳ್ಳಬೇಕು, ಹೋಗದವನು ಇಸಿದುಕೊಂಡು ಓದಬೇಕು ಎಂದು ಕರಾರಾಯಿತು. ನಾಲ್ಕನೆಯವನು ಪುಣೆಯಲ್ಲಿದ್ದಾನೆ. ಅವನಿಗೆ ವಹಿಯ ಪುಟಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಕೆಲಸ ನನ್ನದು.

ಒಂದೇ ಬಾಯಿಂದ ಬಂದ ಮಾತು ಮೂರು ವಹಿಗಳಲ್ಲಿ ಮೂರು ಸ್ವಾಮಿಗಳದ್ದಾಗುತ್ತದೆ. ಮೊಣಕಾಲಿನವನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಅವನ ಬರಹ ಹೀಗಿರುತ್ತದೆ: “6.40ಕ್ಕೆ ಆರಂಭ. 7.10ಕ್ಕೆ ಕರೆಂಟು ಹೋಯಿತು. 7.25ಕ್ಕೆ ಬಂತು. ಮಾಯೆಯ ಬಗ್ಗೆ ಹೇಳಿದರು.” ಏನು ಹೇಳಿದರು? ಮಾಯೆಗೇ ಗೊತ್ತು. ಅಂಗಡಿಯವನು ದೃಷ್ಟಾಂತದ ಕಥೆಗಳನ್ನು ಮಾತ್ರ ಬರೆಯುತ್ತಾನೆ. ರಾಜ, ಕಳ್ಳ, ಗಿಳಿ ಎಲ್ಲರೂ ಬರುತ್ತಾರೆ. ಕೊನೆಗೆ “ಇದರಿಂದ” ಎಂದು ಬರೆದು ಕೈ ಬಿಟ್ಟಿರುತ್ತಾನೆ, ಅಷ್ಟರಲ್ಲಿ ಗಿರಾಕಿಯ ಫೋನು ಬಂದಿರುತ್ತದೆ. ನನ್ನದರಲ್ಲಿ ತತ್ವವೇ ತುಂಬಿದೆ ಎಂಬ ಹೆಮ್ಮೆ ನನಗಿತ್ತು. ಆದರೆ ನನ್ನ ಅಕ್ಷರ ಮರುದಿನ ನನಗೇ ಒಗಟು.

ಒಮ್ಮೆ ಬ್ಯಾಂಕಿನವನು “ಅರಿವೇ ಗುರು, ಆಚಾರವೇ ಲಿಂಗ” ಎಂಬ ಮಾತನ್ನು ಬರೆದುಕೊಂಡ. ಅವಸರದಲ್ಲಿ ದೀರ್ಘ ಎಳೆಯಲಿಲ್ಲ. ಅಂಗಡಿಯವನು ವಹಿ ಇಸಿದುಕೊಂಡು ಗಲ್ಲೆಯ ಮುಂದೆ ಗಟ್ಟಿಯಾಗಿ ಓದಿದ: “ಅರಿವೆ ಗುರು.” ಅರಿವೆ ಎಂದರೆ ಬಟ್ಟೆ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. “ಮೂವತ್ತು ವರ್ಷದಿಂದ ಗುರುಸೇವೆಯಲ್ಲೇ ಇದ್ದೇನೆ, ನೋಡು. ಮೀಟರಿನಲ್ಲಿ ಅಳೆದು ಕೊಡುತ್ತಿದ್ದೇನೆ” ಎಂದ. ತಿದ್ದಿ ಹೇಳಿದರೂ ಒಪ್ಪಲಿಲ್ಲ. ಬ್ಯಾಂಕಿನವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಹಳೆಯ ತಾಳೆಗರಿಗಳಲ್ಲಿ ಎಕಾರ ಏಕಾರಗಳಿಗೆ ಬೇರೆ ಬೇರೆ ಗುರುತೇ ಇರುತ್ತಿರಲಿಲ್ಲ. ಎಲ್ಲಿ ಎಳೆಯಬೇಕು ಎಂಬುದನ್ನು ಓದುವವನೇ ಸಂದರ್ಭ ನೋಡಿ ತಿಳಿಯಬೇಕಿತ್ತು. ಆ ಕಾಲದಲ್ಲಿ ಎಷ್ಟು ಬಟ್ಟೆ ವ್ಯಾಪಾರಿಗಳು ಹೀಗೆ ಧನ್ಯರಾದರೋ!

ಗುರುವಿನ ಮಾತು ಬರೆದಿಡುವುದು ನಮ್ಮ ಸೀಮೆಗೆ ಹೊಸದಲ್ಲ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟು ಕೊನೆಗೆ ಇಲ್ಲಿಗೆ ಬಂದು ನೆಲೆಸಿದ ಸೂಫಿ ಸಂತ ಬಂದೇ ನವಾಜರ ಮಾತುಗಳನ್ನು ಅವರ ಮಗನೇ ಕುಳಿತು ಬರೆದಿಟ್ಟರು. ಮನೆಯಲ್ಲಿ ಅಪ್ಪನ ಮಾತನ್ನು ಕಿವಿಗೇ ಹಾಕಿಕೊಳ್ಳದ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಇನ್ನು ಕಾಗಿಣಾ ದಂಡೆಯ ಮಳಖೇಡಕ್ಕೆ ಹೋದರೆ ಟೀಕಾಚಾರ್ಯರ ಕಥೆ ಹೇಳುತ್ತಾರೆ. ಹಿಂದಿನ ಜನ್ಮದಲ್ಲಿ ಅವರು ಮಧ್ವಾಚಾರ್ಯರ ಗ್ರಂಥಗಳನ್ನು ಹೊರುವ ಎತ್ತಾಗಿದ್ದರಂತೆ. ಪಾಠ ನಡೆಯುವಾಗ ಕಿವಿಗೊಟ್ಟು ನಿಲ್ಲುತ್ತಿತ್ತಂತೆ ಆ ಎತ್ತು. ಮುಂದಿನ ಜನ್ಮದಲ್ಲಿ ಜಯತೀರ್ಥರಾಗಿ ಆ ಗ್ರಂಥಗಳಿಗೇ ಟೀಕೆ, ಅಂದರೆ ವ್ಯಾಖ್ಯಾನ, ಬರೆದರಂತೆ. ಸ್ಕೂಟರಿನ ಡಿಕ್ಕಿಯಲ್ಲಿ ಮೂರು ವಹಿ ಹೊತ್ತು ತಿರುಗುವ ನನಗೆ ಈ ಕಥೆಯ ಮೊದಲರ್ಧ ಚೆನ್ನಾಗಿಯೇ ಒಪ್ಪುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರಾಗದೇ ಎಂದು ಮಗಳು ಕೇಳಿದಳು. ಮಾಡಿದೆವು. ಒಂದೂವರೆ ಗಂಟೆಯ ಧ್ವನಿಯಲ್ಲಿ ಪಕ್ಕದವರ ಕೆಮ್ಮು ಸ್ಪಷ್ಟವಾಗಿ ಕೇಳುತ್ತದೆ. ಇಂದಿಗೂ ಯಾರೂ ಪೂರ್ತಿ ಕೇಳಿಲ್ಲ. ವಹಿಯಾದರೆ ಹಾಗಲ್ಲ; ಅಂಗಡಿಯವನ ವಹಿಯಲ್ಲಿ ಗಿಳಿಯ ಕಥೆಯ ಮೇಲೆ ಮಿರ್ಚಿ ಭಜಿಯ ಎಣ್ಣೆ ಕಲೆ ಇದೆ. ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಕಳ್ಳನೂ ಕಾಣುತ್ತಾನೆ.

ಕಳೆದ ಶ್ರಾವಣದಲ್ಲಿ ಪುಣೆಯವನು ರಾತ್ರಿ ಹತ್ತಕ್ಕೆ ಫೋನು ಮಾಡಿದ. ನಾವು ಮೂವರೂ ಅಂಗಡಿಯ ಕಟ್ಟೆಯ ಮೇಲಿದ್ದೆವು. “ಹದಿನಾಲ್ಕನೆಯ ದಿನದ ಪುಟದ ಕೊನೆಗೆ ಒಂದು ಮಾತಿದೆ. ‘ಹಳೆಯದು 450 ಬಾಕಿ. ಹಬ್ಬದೊಳಗೆ ತೀರಿಸಬೇಕು.’ ಇದರ ತಾತ್ಪರ್ಯವೇನು? ಎರಡು ದಿನದಿಂದ ಯೋಚಿಸುತ್ತಿದ್ದೇನೆ” ಎಂದ. ಬ್ಯಾಂಕಿನವನು ಕೂಡಲೇ ಪೂರ್ವಜನ್ಮದ ಋಣ ಎಂದ. ಹಬ್ಬವೆಂದರೆ ಮರಣ, ಶರಣರಿಗೆ ಮರಣವೇ ಮಹಾನವಮಿ ಎಂದು ನಾನು ದನಿಗೂಡಿಸಿದೆ. ಪುಣೆಯವನು ಆ ಕಡೆಯಿಂದ “ಆಹಾ” ಎಂದ.

ಅಂಗಡಿಯವನು ಒಂದೂ ಮಾತಾಡದೆ ಒಳಗೆ ಹೋಗಿ ವಹಿ ತಂದು ಆ ಪುಟ ತೆರೆದ. ಬಾಕಿಯ ಮುಂದೆ ಒಂದು ಹೆಸರಿತ್ತು. ಫೋಟೋ ತೆಗೆಯುವಾಗ ಅದರ ಮೇಲೆ ನನ್ನ ಹೆಬ್ಬೆರಳು ಬಂದಿತ್ತು. ಹೆಸರೂ ನನ್ನದೇ.