ಏನೂ ಮಾಡಲ್ಲ, ಬಾ

ಬಲಗಾಲಿನ ಹೆಬ್ಬೆಟ್ಟಿನ ಉಗುರು ಇನ್ನೂ ಕಪ್ಪಗಿದೆ. ಏನಾಯ್ತು ಅಂತ ಕಂಡವರೆಲ್ಲ ಕೇಳುತ್ತಾರೆ. ಹಸು ತುಳಿಯಿತು ಅಂದರೆ ನಗುತ್ತಾರೆ. ನಾಯಿ ಕಚ್ಚಿದವನಿಗೆ ಸಿಗುವ ಮರ್ಯಾದೆ ಹಸು ತುಳಿದವನಿಗೆ ಸಿಗುವುದಿಲ್ಲ. ಆದರೂ ನನಗೆ ಸಿಟ್ಟಿರುವುದು ಹಸುವಿನ ಮೇಲಲ್ಲ. ಅದರ ಪಕ್ಕದಲ್ಲಿ ನಿಂತು "ಏನೂ ಮಾಡಲ್ಲ, ಬಾರೋ" ಅಂದ ನಮ್ಮ ಭಾವನ ಮೇಲೆ.

ದನ ಸಾಕಿದವರ ಮನೆಗೆ ಹೋಗಿದ್ದರೆ ಈ ಮಾತು ನೀವೂ ಕೇಳಿರುತ್ತೀರಿ. ಹೋರಿ ತಲೆ ತಗ್ಗಿಸಿ ನೆಲ ಕೆರೆಯುತ್ತಿರುತ್ತದೆ. ಏನೂ ಮಾಡಲ್ಲ. ಎಮ್ಮೆ ಬುಸ್ ಅನ್ನುತ್ತಾ ದಿಟ್ಟಿಸುತ್ತಿರುತ್ತದೆ. ಏನೂ ಮಾಡಲ್ಲ. ಕುದುರೆ ಎರಡೂ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡಿರುತ್ತದೆ. ಅದೂ ಏನೂ ಮಾಡಲ್ಲವಂತೆ. ಸಾಕಿದವರಿಗೆ ಮಾಡುವುದಿಲ್ಲ, ನಿಜ. ನಾವು ಹೊಸಬರು ಎನ್ನುವುದು ಅವರಿಗೆ ಹೊಳೆಯುವುದೇ ಇಲ್ಲ. ಹಸುವಿಗೆ ಹೊಳೆಯುತ್ತದೆ.

ಭಾವ ಹೇಳಿ ಸುಮ್ಮನಿರುವವರೂ ಅಲ್ಲ. ಮಾಡಿ ತೋರಿಸಬೇಕು ಅವರಿಗೆ. ಹಿಂದಿನಿಂದ ಹೋಗಿ ಹಸುವಿನ ತೊಡೆಗೆ ಫಟ್ ಅಂತ ಬಾರಿಸುತ್ತಾರೆ. ದನದ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ನಿಂತಲ್ಲೇ ಸುತ್ತಲೂ 300 ಡಿಗ್ರಿಗಿಂತ ಜಾಸ್ತಿ ಕಾಣುತ್ತದೆ. ಕಾಣದೇ ಇರುವುದು ಬೆನ್ನ ನೇರ ಹಿಂದಿನ ಜಾಗ, ಆಮೇಲೆ ಮೂಗಿನ ಮುಂದೆ ಒಂಚೂರು. ಇಷ್ಟು ದೊಡ್ಡ ಕೊಟ್ಟಿಗೆಯಲ್ಲಿ ಭಾವ ಹುಡುಕಿ ಹುಡುಕಿ ನಿಲ್ಲುವುದು ಆ ಜಾಗದಲ್ಲೇ. ಭುಜದ ಕಡೆಯಿಂದ ಮಾತಾಡಿಕೊಂಡು ಹೋಗಿ ಭಾವ ಅಂದರೆ, "ನನ್ನ ವಾಸನೆಯೇ ಸಾಕು ಅದಕ್ಕೆ" ಅನ್ನುತ್ತಾರೆ. ಈ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ.

ಹಗ್ಗವನ್ನೂ ಹಾಗೇ, ಮುಂಗೈಗೆ ಸುತ್ತಿಕೊಳ್ಳುತ್ತಾರೆ. ದನ ಬೆದರಿ ಓಡಿದರೆ ಹಗ್ಗ ಬಿಗಿದು ಕೈ ಹೋಗುತ್ತದೆ, ಕೈಯ ಹಿಂದೆ ಭಾವನೂ ಹೋಗುತ್ತಾರೆ. ಮಡಚಿ ಹಿಡಿದುಕೊಳ್ಳಿ ಅಂದರೆ ಯಾರು ಕೇಳುತ್ತಾರೆ?

ಈಗ ನನ್ನ ಉಗುರಿನ ಕಥೆ. "ಕೊಟ್ಟಿಗೆಗೆ ಬೂಟು ಯಾಕೋ, ಚಪ್ಪಲಿ ಸಾಕು" ಅಂದವರು ಭಾವ. ಹಸುವಿಗೂ ಗೋಡೆಗೂ ನಡುವೆ ನಿಲ್ಲಿಸಿದವರೂ ಅವರೇ. ಅಲ್ಲಿಂದ ಚೆನ್ನಾಗಿ ಕಾಣುತ್ತದಂತೆ. ಹಸು ಒಂದು ಹೆಜ್ಜೆ ಈಚೆ ಸರಿಯಿತು, ಅಷ್ಟೇ.

"ಭಾವ, ಕಾಲು!"

"ಏನೋ?"

"ಕಾಲು ತುಳೀತಿದೆ!"

ಭಾವ ಬಗ್ಗಿ ನೋಡಿದರು. "ತುಳೀತಿಲ್ಲ ಕಣೋ. ಸುಮ್ನೆ ನಿಂತಿದೆ."

500 ಕಿಲೋ ತೂಗುವ ಹಸು ಸುಮ್ನೆ ನಿಂತರೂ ಅರ್ಧಕ್ಕಿಂತ ಜಾಸ್ತಿ ಭಾರ ಮುಂಗಾಲುಗಳ ಮೇಲಿರುತ್ತದೆ. ಅಂದರೆ ಒಂದು ಗೊರಸಿನ ಪಾಲಿಗೆ 125 ಕಿಲೋ ದಾಟಿತು. ಈ ಲೆಕ್ಕವನ್ನು ನಾನು ಆಮೇಲೆ ಮಾಡಿದ್ದು. ಆಗ ಎರಡೂ ಕೈ ಹಚ್ಚಿ ತಳ್ಳುತ್ತಿದ್ದೆ. ದನವನ್ನು ಒಂದೇ ಸಮನೆ ತಳ್ಳಿದರೆ ಅದು ಆಚೆ ಹೋಗುವುದಿಲ್ಲ, ತಳ್ಳುವವನ ಕಡೆಗೇ ಒರಗುತ್ತದೆ. ನಾನು ತಳ್ಳಿದೆ, ಅದು ಒರಗಿತು. ಇನ್ನೂ ತಳ್ಳಿದೆ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕತೊಡಗಿತು. ಭಾವನ ಮುಖದಲ್ಲಿ ಸಂತೋಷ. "ನೋಡು, ನಿನ್ನ ಕಂಡರೆ ಎಷ್ಟು ಇಷ್ಟ ಅದಕ್ಕೆ!" ಅಂದವರು ಇದರ ತಾಯಿ ಎಷ್ಟು ಸಾಧು ಅಂತ ಶುರುಮಾಡಿದರು. ಅಜ್ಜಿಯ ಸಾಧುತನಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು. ಭಾವ ಅದನ್ನೂ ಬೇರೆಯೇ ಅರ್ಥ ಮಾಡಿಕೊಂಡರು ಅಂತ ಕಾಣುತ್ತೆ, ದನಿ ಇನ್ನೂ ಮೆತ್ತಗಾಯಿತು.

ಕೊನೆಗೆ ಅಕ್ಕ ಬಂದಳು. ಬೆರಳ ತುದಿಯಿಂದ ಪಕ್ಕೆಗೆ ಒಮ್ಮೆ ತಿವಿದು "ಹೈ, ಸರಿ ಆಚೆ" ಅಂದಳು. ಹಸು ಸರಿಯಿತು. ಆ ಸ್ವರದ ಅಭ್ಯಾಸ ಇದ್ದುದರಿಂದ ಭಾವನೂ ಒಂದು ಹೆಜ್ಜೆ ಸರಿದರು.

ಪಶುವೈದ್ಯರು ಬಂದಾಗಲೂ ಭಾವನದು ಇದೇ ಮಾತು. ಅವರು ಉತ್ತರ ಕೊಡುವುದಿಲ್ಲ. ಮೊದಲು ಹೊರಗೆ ಹೋಗುವ ದಾರಿ ಎಲ್ಲಿದೆ ಅಂತ ನೋಡುತ್ತಾರೆ, ಆಮೇಲೆ ಹಸುವಿನ ಹಿಂಗಾಲು ನೋಡುತ್ತಾರೆ. ಕುದುರೆ ನೇರ ಹಿಂದಕ್ಕೆ ಒದೆಯುತ್ತದೆ. ದನ ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೂ ಬೀಸುತ್ತದೆ. ಹಿಂದೆ ಇಲ್ಲವಲ್ಲ ಅಂತ ಪಕ್ಕದಲ್ಲಿ ಧೈರ್ಯವಾಗಿ ನಿಂತವನಿಗೂ ಪಾಲು ಸಿಗುತ್ತದೆ.

ಭಾವನ ಬಳಿ ಒಂದು ಹೋರಿಯೂ ಇದೆ. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. "ಮಗನ ಹಾಗೆ ಸಾಕಿದ್ದೀನಿ" ಅನ್ನುತ್ತಾರೆ. ನನಗೆ ಭಯ ಜಾಸ್ತಿಯಾಗುವುದು ಇಲ್ಲೇ. ತನ್ನ ಜಾತಿಯ ಜೊತೆ ಇರದೆ ಮನುಷ್ಯರ ಕೈಯಲ್ಲೇ ಬೆಳೆದ ಹೋರಿಗೆ ಮನುಷ್ಯನ ಅಂಜಿಕೆ ಇರುವುದಿಲ್ಲ. ದೊಡ್ಡದಾದ ಮೇಲೆ ಅವನನ್ನೂ ಇನ್ನೊಂದು ಹೋರಿ ಅಂತ ಎಣಿಸಿ ಬಲ ನೋಡಲು ಬರುತ್ತದೆ. ಮಗ ಎದುರು ಮಾತಾಡಿದರೆ ತಡೆದುಕೊಳ್ಳಬಹುದು, ಇದು ಮಾತಾಡುವುದಿಲ್ಲ.

ನಮ್ಮ ಅಮ್ಮ ಯಾರಿಗೂ "ಏನೂ ಮಾಡಲ್ಲ" ಅಂದಿದ್ದು ನನಗೆ ನೆನಪಿಲ್ಲ. ಕೊಟ್ಟಿಗೆಗೆ ಹೋಗುವಾಗ ಬಾಗಿಲ ಹೊರಗಿಂದಲೇ "ಬಂದೆ ಕಣೇ, ಬಂದೆ" ಅಂತ ಶುರುಮಾಡುತ್ತಿದ್ದಳು. ಆ ಕಡೆಗೆ ಹೋಗಬೇಕಾದರೆ ಬೆನ್ನ ಮೇಲೆ ಇಟ್ಟ ಕೈ ತೆಗೆಯದೆ, ಸವರುತ್ತಲೇ ಹೋಗುತ್ತಿದ್ದಳು. ತಾನೆಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಾಗುತ್ತಿರಲಿ ಅಂತ. ನಾವು ಮಕ್ಕಳು ಅದನ್ನು ಮುದ್ದು ಅಂದುಕೊಂಡಿದ್ದೆವು. ಮುದ್ದೂ ಇತ್ತು ಅನ್ನಿ. ನಮಗೆ ಮಾತ್ರ "ದೂರ ನಿಲ್ರೋ" ಅಂತ ಗದರುತ್ತಿದ್ದಳು. ಈಗ ಅಮ್ಮನೂ ಇಲ್ಲ, ದೂರ ನಿಲ್ಲು ಅನ್ನುವವರೂ ಇಲ್ಲ.

ನಿನ್ನೆ ಭಾವ ಫೋನ್ ಮಾಡಿದ್ದರು. ಇನ್ನೊಂದು ಹಸು ಕರು ಹಾಕಿದೆಯಂತೆ. "ಬಂದು ನೋಡ್ಕೊಂಡು ಹೋಗೋ. ಕರು, ಅದೇನು ಮಾಡುತ್ತೆ?" ಕರು ಏನೂ ಮಾಡುವುದಿಲ್ಲ, ಒಪ್ಪಿದೆ. ಅದರ ತಾಯಿಯ ವಿಷಯ ಭಾವ ಎತ್ತಲೇ ಇಲ್ಲ. ಎಷ್ಟೇ ಸಾಧು ಹಸುವಾದರೂ ಕರು ಹಾಕಿದ ಹೊಸತರಲ್ಲಿ ಲೆಕ್ಕ ಬೇರೆ. ಫೋಟೋ ಕಳಿಸಿ ಸಾಕು ಅಂದೆ.

ಕಳಿಸಿದರು. ಕರು ಮುದ್ದಾಗಿದೆ. ಹಿಂದೆ ತಾಯಿ ತಲೆ ತಗ್ಗಿಸಿ ನೇರ ಫೋನಿನ ಕಡೆಗೇ ನೋಡುತ್ತಿದೆ. ಎರಡನೇ ಫೋಟೋದಲ್ಲಿ ಬರೀ ಕೊಟ್ಟಿಗೆಯ ಸೂರು.